ಸದನ ಬರೆಯದ ಶಾಸನ, ನಾವು ಓದದ ಆದೇಶ

ಹಝ್ರತ್ ಅಲೀ(ರ)ಯವರಿಂದ ವರದಿಯಾಗಿ ಸಹೀಹ್ ಬುಖಾರಿಯಲ್ಲಿ ದಾಖಲಾಗಿರುವ ಒಂದು ಘಟನೆಯನ್ನು ನಮ್ಮಲ್ಲಿ ಅನೇಕರು ಖುತ್ಬಾಗಳಲ್ಲಿ ಕೇಳಿದ್ದೇವೆ. ಪ್ರವಾದಿ(ಸ)ಯವರು ಒಂದು ಸಣ್ಣ ಸೇನಾ ತುಕಡಿಯನ್ನು ಕಳುಹಿಸುತ್ತಾರೆ. ಅನ್ಸಾರರ ಪೈಕಿ ಒಬ್ಬರನ್ನು ಅದರ ನಾಯಕರನ್ನಾಗಿ ನೇಮಿಸಿ, ಅವರ ಮಾತನ್ನು ಕೇಳಬೇಕೆಂದು ಉಳಿದವರಿಗೆ ಆಜ್ಞಾಪಿಸುತ್ತಾರೆ. ನಡುವೆ ಯಾವುದೋ ಕಾರಣಕ್ಕೆ ನಾಯಕರಿಗೆ ತನ್ನವರ ಮೇಲೆ ಸಿಟ್ಟು ಬರುತ್ತದೆ. ನನ್ನನ್ನು ಅನುಸರಿಸಬೇಕೆಂದು ಪ್ರವಾದಿಯವರು ನಿಮಗೆ ಆದೇಶಿಸಿಲ್ಲವೇ ಎಂದು ಅವರು ಕೇಳುತ್ತಾರೆ. ಹೌದೆಂಬ ಉತ್ತರ ಬಂದೊಡನೆ, ಕಟ್ಟಿಗೆ ಕೂಡಿಸಿ ಬೆಂಕಿ ಹೊತ್ತಿಸಿರಿ, ಅದರೊಳಗೆ ಪ್ರವೇಶಿಸಿರಿ ಎಂದು ಅಪ್ಪಣೆಯಾಗುತ್ತದೆ. ಕಟ್ಟಿಗೆ ಬರುತ್ತದೆ, ಬೆಂಕಿಯೂ ಹೊತ್ತಿಕೊಳ್ಳುತ್ತದೆ. ಆಗ ಅವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಬೆಂಕಿಯಿಂದ ಪಾರಾಗಲೆಂದೇ ಪ್ರವಾದಿಯವರ ಬಳಿಗೆ ಬಂದ ನಾವು ಬೆಂಕಿಗೇ ಇಳಿಯುವುದೇ ಎಂಬ ಮಾತು ಏಳುತ್ತದೆ. ಅಷ್ಟರಲ್ಲಿ ಬೆಂಕಿ ಆರುತ್ತದೆ, ನಾಯಕರ ಸಿಟ್ಟೂ ಇಳಿಯುತ್ತದೆ. ವಿಷಯ ತಿಳಿದ ಪ್ರವಾದಿ(ಸ)ಯವರು, ಅವರು ಆ ಬೆಂಕಿಯನ್ನು ಹೊಕ್ಕಿದ್ದರೆ ಅದರಿಂದ ಹೊರಬರುತ್ತಲೇ ಇರಲಿಲ್ಲವೆಂದೂ ಅನುಸರಣೆ ಇರುವುದು ಒಳಿತಿನಲ್ಲಿ ಮಾತ್ರವೆಂದೂ ತಿಳಿಸುತ್ತಾರೆ.

ಈ ನಾಯಕರು ಅಧಿಕಾರವನ್ನು ಕಸಿದುಕೊಂಡವರಲ್ಲ ಎಂಬುದನ್ನು ಗಮನಿಸಬೇಕು. ಅವರ ನೇಮಕ ಸಕ್ರಮವಾಗಿತ್ತು. ಅವರು ಕೇಳಿದ ಮೊದಲ ಪ್ರಶ್ನೆಯೂ ಸರಿಯಾಗಿತ್ತು. ತಪ್ಪಿದ್ದುದು ಒಂದೇ ಕಡೆ: ತನಗೆ ಕೊಡಲಾದ ಅಧಿಕಾರಕ್ಕೆ ಅದನ್ನು ಕೊಟ್ಟವರ ಉದ್ದೇಶವೇ ಎಲ್ಲೆ ಎಂಬುದನ್ನು ಅವರು ಮರೆತರು. ಸೂರಃ ಅನ್ನಿಸಾದ 59ನೆಯ ವಚನವು ಅಲ್ಲಾಹನನ್ನು ಅನುಸರಿಸಬೇಕೆಂದೂ ಸಂದೇಶವಾಹಕರನ್ನು ಅನುಸರಿಸಬೇಕೆಂದೂ ಎರಡು ಬಾರಿ ಕ್ರಿಯಾಪದವನ್ನು ಬಳಸುತ್ತದೆ. ಅಧಿಕಾರಸ್ಥರ ಪ್ರಸ್ತಾಪ ಬರುವಾಗ ಆ ಕ್ರಿಯಾಪದ ಮೂರನೆಯ ಬಾರಿ ಬರುವುದಿಲ್ಲ. ಅವರ ಅಧಿಕಾರ ಸ್ವತಂತ್ರವಲ್ಲ, ಮೇಲಿನದ್ದಕ್ಕೆ ಅಂಟಿಕೊಂಡು ನಿಂತದ್ದು ಎಂದು ವ್ಯಾಖ್ಯಾನಕಾರರು ಇದರಿಂದ ಅರ್ಥಮಾಡಿಕೊಂಡರು. ಅದಕ್ಕಿಂತ ಹಿಂದಿನ 58ನೆಯ ವಚನ ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸುವ ಕುರಿತಾಗಿದೆ. ಅನುಸರಣೆಯ ಮಾತು ಬರುವುದು ಅಮಾನತ್ತಿನ ಮಾತಾದ ಬಳಿಕ.

ಈ ಹದೀಸನ್ನು ಸಾಮಾನ್ಯವಾಗಿ ಆಳುವವರ ಮತ್ತು ಪ್ರಜೆಗಳ ನಡುವಿನ ಸಂಬಂಧದ ಬಗ್ಗೆ ಹೇಳುವಾಗ ಉಲ್ಲೇಖಿಸಲಾಗುತ್ತದೆ. ನಾನು ಇದನ್ನು ಇಲ್ಲಿ ಬೇರೊಂದು ಕಾರಣಕ್ಕೆ ನೆನಪಿಸುತ್ತಿದ್ದೇನೆ. ನಮ್ಮ ಮತ ಪಡೆದು ಸದನಕ್ಕೆ ಹೋದವರು, ಆ ಮತದ ಮೂಲಕ ತಮಗೆ ಸಿಕ್ಕ ಶಾಸನಾಧಿಕಾರವನ್ನು ಎಲ್ಲೆ ಹಾಕದೆ ಸಚಿವಾಲಯದ ಮೇಜಿಗೆ ದಾಟಿಸಿಬಿಡುವ ರೂಢಿಯೊಂದು ನಮ್ಮಲ್ಲಿ ಬೆಳೆದಿದೆ. ಇದು ಆಡಳಿತದ ಸಣ್ಣ ತಾಂತ್ರಿಕ ವಿಷಯವಲ್ಲ, ಅಮಾನತ್ತಿನಲ್ಲಿ ಮಾಡುವ ಖಿಯಾನತ್ತು. ಇದನ್ನು ಗುರುತಿಸಲು ಕಲಿಯದ ನಮ್ಮ ಸಮುದಾಯವೂ ತನ್ನ ಪಾಲಿನ ಹೊಣೆಯಿಂದ ತಪ್ಪಿಸಿಕೊಳ್ಳಲಾರದು.

ವಿಷಯವನ್ನು ನಮ್ಮ ಊರಿನಿಂದಲೇ ಆರಂಭಿಸೋಣ. ನಂತೂರು ವೃತ್ತದಲ್ಲಿ ನಿಂತು ನೋಡಿರಿ. ಪಂಪ್‌ವೆಲ್ ಕಡೆಯಿಂದ, ಕೆಪಿಟಿ ಕಡೆಯಿಂದ, ಬಿಕರ್ನಕಟ್ಟೆಯಿಂದ, ಮಲ್ಲಿಕಟ್ಟೆಯಿಂದ ವಾಹನಗಳು ಬಂದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಆ ಗದ್ದಲದಲ್ಲಿ ನೂರಾರು ದ್ವಿಚಕ್ರ ಸವಾರರ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಅದು ಅಲ್ಲಿಗೆ ಬಂದುದು 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಸೆಕ್ಷನ್‌ನಿಂದ. ಆ ಸೆಕ್ಷನ್ ಎರಡು ಕೆಲಸ ಮಾಡುತ್ತದೆ. ಹೆಲ್ಮೆಟ್ ಎಷ್ಟು ಗಟ್ಟಿಯಿರಬೇಕು, ಯಾವ ಮಾನದಂಡಕ್ಕೆ ಒಳಪಡಬೇಕು ಎಂಬುದನ್ನು ಸರಕಾರ ನಿಯಮಗಳ ಮೂಲಕ ನಿಗದಿಪಡಿಸಲಿ ಎಂದು ಬಿಟ್ಟುಕೊಡುತ್ತದೆ. ಅದು ಸರಿಯೇ. ಸಂಸದರಿಗೆ ಪ್ಲಾಸ್ಟಿಕ್ಕಿನ ದಪ್ಪ ಅಳೆಯುವ ಪರಿಣತಿ ಇರಬೇಕಾಗಿಲ್ಲ. ಆದರೆ ಪೇಟ ಧರಿಸಿದ ಸಿಖ್ಖನು ಹೆಲ್ಮೆಟ್ ಹಾಕಬೇಕೇ ಎಂಬ ಪ್ರಶ್ನೆಯನ್ನು ಆ ಸೆಕ್ಷನ್ ಯಾವ ಅಧಿಕಾರಿಗೂ ಬಿಟ್ಟಿಲ್ಲ. ಬೇಕಾಗಿಲ್ಲ ಎಂದು ಸಂಸತ್ತೇ ಕಾಯ್ದೆಯ ಮೈಯಲ್ಲಿ ಬರೆದಿದೆ. 2019ರಲ್ಲಿ ಆ ಸೆಕ್ಷನ್ನನ್ನು ಹೊಸದಾಗಿ ಬರೆದಾಗಲೂ ಸಿಖ್ಖರ ವಿನಾಯಿತಿಯನ್ನು ಸಂಸತ್ತು ಉಳಿಸಿಕೊಂಡಿತು. ಅಳತೆಯ ಪ್ರಶ್ನೆ ಅಧಿಕಾರಿಗೆ, ಆತ್ಮಸಾಕ್ಷಿಯ ಪ್ರಶ್ನೆ ಸದನಕ್ಕೆ. ಶಾಸಕಾಂಗ ಮತ್ತು ಕಾರ್ಯಾಂಗದ ನಡುವಿನ ಗೆರೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಈಗ ಇನ್ನೊಂದು ತಲೆವಸ್ತ್ರದ ಕಥೆಗೆ ಬರೋಣ. ಉಡುಪಿಯ ಸರಕಾರಿ ಬಾಲಕಿಯರ ಪದವಿ ಪೂರ್ವ ಕಾಲೇಜಿನಲ್ಲಿ ವಿವಾದ ಎದ್ದು, ಅದು ಇತರ ಜಿಲ್ಲೆಗಳಿಗೆ ಹರಡುತ್ತಿದ್ದಾಗ, 5 ಫೆಬ್ರವರಿ 2022ರಂದು ರಾಜ್ಯ ಸರಕಾರ ಒಂದು ಆದೇಶ ಹೊರಡಿಸಿತು. ಸರಕಾರಿ ಶಾಲೆಗಳಲ್ಲಿ ಸರಕಾರ ಗೊತ್ತುಪಡಿಸಿದ ಸಮವಸ್ತ್ರ, ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ ಗೊತ್ತುಪಡಿಸಿದ್ದು, ಪದವಿ ಪೂರ್ವ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಅಥವಾ ಆಡಳಿತ ಮಂಡಳಿಯ ಸಮಿತಿ ಗೊತ್ತುಪಡಿಸಿದ್ದು, ಎಲ್ಲೂ ಏನೂ ಗೊತ್ತುಪಡಿಸಿಲ್ಲದಿದ್ದರೆ ಸಮಾನತೆ, ಐಕ್ಯತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರದ ಉಡುಪು. ಇದು ಅದರ ಸಾರಾಂಶ. ಆದೇಶಕ್ಕೆ ಆಧಾರವಾಗಿ ಹೇಳಿದ್ದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 133(2)ನೆಯ ಸೆಕ್ಷನ್. ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು ಅಗತ್ಯವೆಂದು ತನಗೆ ತೋರಿದ ನಿರ್ದೇಶನಗಳನ್ನು ಶಿಕ್ಷಣ ಸಂಸ್ಥೆಗಳಿಗೆ ನೀಡಲು ಅದು ಸರಕಾರಕ್ಕೆ ಅಧಿಕಾರ ಕೊಡುತ್ತದೆ.

ಹಿಜಾಬ್ ಇಸ್ಲಾಮಿನ ವಿಧಿಯೇ ಎಂಬುದು ಈ ಲೇಖನದ ವಿಷಯವಲ್ಲ. ಸೂರಃ ಅನ್ನೂರ್ ಓದುವ ಮನೆಗಳಿಗೆ ಅದನ್ನು ನಾನು ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ಸಮವಸ್ತ್ರದ ಮೇಲೆ ಅದೇ ಬಣ್ಣದ ಶಿರವಸ್ತ್ರ ಧರಿಸಿದ ಹುಡುಗಿ ತರಗತಿಯೊಳಗೆ ಕುಳಿತುಕೊಳ್ಳಬಹುದೇ ಎಂಬ ಪ್ರಶ್ನೆಗೆ ಕರ್ನಾಟಕದ ವಿಧಾನಮಂಡಲ ಯಾವ ದಿನ ಉತ್ತರ ಕೊಟ್ಟಿತು? ಯಾವ ಮಸೂದೆಯಲ್ಲಿ? ಯಾವ ಶಾಸಕರು ಪರವಾಗಿ ಕೈಯೆತ್ತಿದರು, ಯಾರು ವಿರೋಧವಾಗಿ? ಉತ್ತರವಿಲ್ಲ, ಏಕೆಂದರೆ ಅಂಥ ದಿನವೇ ಇಲ್ಲ. ಕಾಯ್ದೆಯಲ್ಲಿ ಈ ಪ್ರಶ್ನೆಯ ಪ್ರಸ್ತಾಪವೇ ಇಲ್ಲ. ಶಿಕ್ಷಣ ಸಂಸ್ಥೆಗಳಿಗೆ ನಿರ್ದೇಶನ ಕೊಡಲೆಂದು ಇಟ್ಟ ಒಂದು ಸಾಲು ಸಾವಿರಾರು ಹೆಣ್ಣುಮಕ್ಕಳ ಶಿಕ್ಷಣದ ಬಾಗಿಲ ಚಿಲಕವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ವಕೀಲ ಮಿತ್ರರಿಗೆ ಇದು ಗೊತ್ತು, ಮನೆಮಂದಿಗೂ ಗೊತ್ತಾಗಬೇಕು. ಅದೇ ಶಿಕ್ಷಣ ಕಾಯ್ದೆಯ 145ನೆಯ ಸೆಕ್ಷನ್ ಸರಕಾರಕ್ಕೆ ನಿಯಮ ರಚಿಸುವ ಅಧಿಕಾರ ಕೊಡುತ್ತದೆ. ಆ ದಾರಿಯಲ್ಲಿ ಹೋದರೆ ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಜನರ ಆಕ್ಷೇಪಣೆಗಳನ್ನು ಪಡೆಯಬೇಕು, ಪರಿಶೀಲಿಸಬೇಕು. 133ನೆಯ ಸೆಕ್ಷನ್‌ನ ನಿರ್ದೇಶನಕ್ಕೆ ಇಂಥ ಯಾವ ತೊಡಕೂ ಇಲ್ಲ. ಬೆಳಿಗ್ಗೆ ಬರೆದು ಸಂಜೆ ಹೊರಡಿಸಬಹುದು. 1995ರಲ್ಲಿ ಮೊದಲ ದಾರಿಯಿಂದ ರಚಿತವಾದ ನಿಯಮಗಳ 11ನೆಯ ನಿಯಮವನ್ನು ನೋಡಿರಿ: ಶಿಕ್ಷಣ ಸಂಸ್ಥೆಯು ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಿದ್ದರೆ ಪೋಷಕರಿಗೆ ಒಂದು ವರ್ಷ ಮುಂಚಿತವಾಗಿ ತಿಳಿಸಬೇಕು. ಬಡ ತಂದೆಯೊಬ್ಬ ಮಗಳಿಗೆ ಎರಡು ಜೊತೆ ಬಟ್ಟೆ ಹೊಲಿಸಲು ಪಡುವ ಪಾಡು ಆ ನಿಯಮ ಬರೆದವರ ಕಣ್ಣ ಮುಂದೆ ಇತ್ತು. 2022ರಲ್ಲಿ ಬದಲಾದದ್ದು ಸಮವಸ್ತ್ರವಲ್ಲ, ಇದ್ದದ್ದನ್ನೇ ಕಟ್ಟುನಿಟ್ಟಾಗಿ ಜಾರಿಗೊಳಿಸಲಾಯಿತು ಎಂದು ಹೇಳುವವರಿದ್ದಾರೆ. ಹಾಗೇ ಇರಲಿ. ಬಟ್ಟೆಯ ಬಣ್ಣ ಬದಲಾದರೆ ಒಂದು ವರ್ಷದ ಮುನ್ಸೂಚನೆ, ಬಾಗಿಲೇ ಮುಚ್ಚಿದರೆ ಒಂದು ದಿನದ್ದೂ ಇಲ್ಲ! ಪರೀಕ್ಷೆ ಹತ್ತಿರವಾಗಿದ್ದ ಫೆಬ್ರವರಿಯಲ್ಲಿ ಆದ ಕೆಲಸವಿದು.

ಅಧಿಕಾರ ಅಲ್ಲಿಗೂ ನಿಲ್ಲಲಿಲ್ಲ. ಸದನದಿಂದ ಸರಕಾರಕ್ಕೆ ಬಂದದ್ದು ಸರಕಾರದಿಂದ ಕಾಲೇಜು ಅಭಿವೃದ್ಧಿ ಸಮಿತಿಗೆ ಹೋಯಿತು. ಈ ಸಮಿತಿ ಯಾವ ಕಾಯ್ದೆಯ ಕೂಸೂ ಅಲ್ಲ, 31 ಜನವರಿ 2014ರ ಒಂದು ಸುತ್ತೋಲೆಯಿಂದ ಹುಟ್ಟಿದ್ದು. ಅದರ ಅಧ್ಯಕ್ಷರು ಸ್ಥಳೀಯ ಶಾಸಕರು. ಸ್ವಲ್ಪ ನಿಂತು ಯೋಚಿಸಿರಿ. ಬೆಂಗಳೂರಿನ ಸದನದಲ್ಲಿ ಕುಳಿತು ಕಾನೂನು ಬರೆಯಬೇಕಾದ ವ್ಯಕ್ತಿ, ಅಲ್ಲಿ ಅದನ್ನು ಬರೆಯಲಿಲ್ಲ. ಬರೆದಿದ್ದರೆ ಚರ್ಚೆಯಾಗುತ್ತಿತ್ತು, ವಿರೋಧ ಪಕ್ಷದವರು ಪ್ರಶ್ನಿಸುತ್ತಿದ್ದರು, ಮಾತು ಕಡತದಲ್ಲಿ ಉಳಿಯುತ್ತಿತ್ತು. ಅದೇ ವ್ಯಕ್ತಿ ಊರಿಗೆ ಬಂದು ಕಾಲೇಜಿನ ಕೋಣೆಯಲ್ಲಿ ಸಮಿತಿಯ ಕುರ್ಚಿಯ ಮೇಲೆ ಕುಳಿತು ಅದನ್ನೇ ತೀರ್ಮಾನಿಸುತ್ತಾನೆ. ಸದನಕ್ಕೆ ಹೆದರಿ ಬಿಟ್ಟ ಅಧಿಕಾರ ಹಿತ್ತಲ ಬಾಗಿಲಿನಿಂದ ಅವನಲ್ಲಿಗೇ ಮರಳಿತು, ಹೊಣೆಗಾರಿಕೆ ಮಾತ್ರ ದಾರಿಯಲ್ಲಿ ಕಳೆದುಹೋಯಿತು. ಈ ವಾದವನ್ನು ಅರ್ಜಿದಾರರು ಉಚ್ಚ ನ್ಯಾಯಾಲಯದ ಮುಂದಿಟ್ಟಿದ್ದರು. ಮೂವರು ನ್ಯಾಯಮೂರ್ತಿಗಳ ಪೀಠ 15 ಮಾರ್ಚ್ 2022ರ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ, ಆದೇಶವನ್ನು ಎತ್ತಿಹಿಡಿಯಿತು. ಆದರೆ ವಿಚಾರಣೆಯ ಸಂದರ್ಭದಲ್ಲಿ, ಆದೇಶದ ಪೀಠಿಕೆಯಲ್ಲಿ ಶಿರವಸ್ತ್ರದ ಬಗ್ಗೆ ಬರೆದುದನ್ನು ಬಿಡಬಹುದಿತ್ತು ಎಂಬರ್ಥದ ಮಾತು ಸ್ವತಃ ಅಡ್ವೊಕೇಟ್ ಜನರಲ್ ಅವರಿಂದಲೇ ಬಂದಿತ್ತು. ಮಸೂದೆಯ ಒಂದು ಪದ ತಪ್ಪಿದ್ದರೆ ಅದು ಸದನದ ಚರ್ಚೆಯಲ್ಲಿ ಸಿಕ್ಕಿಬೀಳಲು ಅವಕಾಶವಿರುತ್ತದೆ. ಆದೇಶದ ಪದ ತಪ್ಪಿದ್ದರೆ ಅದು ತಿಳಿಯುವುದು ಹುಡುಗಿಯರು ಗೇಟಿನ ಹೊರಗೆ ನಿಂತ ಬಳಿಕ, ನ್ಯಾಯಾಲಯದಲ್ಲಿ.

13 ಅಕ್ಟೋಬರ್ 2022ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮತ್ತು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಪರಸ್ಪರ ವಿರುದ್ಧವಾದ ತೀರ್ಪು ಕೊಟ್ಟರು, ವಿಷಯ ದೊಡ್ಡ ಪೀಠದ ಕಡೆಗೆ ಹೋಯಿತು. ಮುಂದೆ ಸರಕಾರ ಬದಲಾಯಿತು. 22 ಡಿಸೆಂಬರ್ 2023ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಿರ್ಬಂಧವನ್ನು ಹಿಂಪಡೆಯಲು ಸೂಚಿಸಿರುವುದಾಗಿ ಸಭೆಯೊಂದರಲ್ಲಿ ಹೇಳಿದರು. ನಮ್ಮವರು ಸಂಭ್ರಮಿಸಿದರು. ಮರುದಿನವೇ, ಇನ್ನೂ ಯೋಚಿಸುತ್ತಿದ್ದೇವೆ ಎಂಬ ಸ್ಪಷ್ಟನೆ ಬಂತು. ಆ ಸಂಭ್ರಮವನ್ನು ನಾನು ದೂರುವುದಿಲ್ಲ. ಆದರೆ ನಮ್ಮ ಮಗಳ ಶಿಕ್ಷಣವು ಒಬ್ಬ ಮುಖ್ಯಮಂತ್ರಿಯ ಭಾಷಣದ ಒಂದು ವಾಕ್ಯದಿಂದ ತೆರೆದು ಇನ್ನೊಂದು ವಾಕ್ಯದಿಂದ ಮುಚ್ಚುವ ವಸ್ತುವಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಒಂದು ಪಕ್ಷದ ಲೇಖನಿ ಕಸಿದುಕೊಂಡದ್ದನ್ನು ಇನ್ನೊಂದು ಪಕ್ಷದ ಲೇಖನಿ ದಯಪಾಲಿಸಲಿ ಎಂದು ಕಾಯುವುದು ಹಕ್ಕಲ್ಲ, ಕೃಪೆ. ದಯಪಾಲಿಸಿದ್ದನ್ನು ಮೂರನೆಯ ಲೇಖನಿ ಮತ್ತೆ ಕಸಿದುಕೊಳ್ಳಬಹುದು.

ಇಲ್ಲಿ ನಮ್ಮ ಕಿತಾಬುಗಳಲ್ಲಿರುವ ಒಂದು ಅಧ್ಯಾಯವನ್ನು ನೆನಪಿಸಬಯಸುತ್ತೇನೆ. ಕರಾವಳಿಯ ದರ್ಸ್‌ಗಳಲ್ಲಿ ಓದಿದವರಿಗೆ ವಕಾಲತ್ತಿನ ಅಧ್ಯಾಯ ಚಿರಪರಿಚಿತ. ತನ್ನ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿಕೊಡುವುದಕ್ಕೆ ಶಾಫಿಈ ಮದ್‌ಹಬ್ ಎಂಥ ಬೇಲಿಗಳನ್ನು ಹಾಕಿದೆ ನೋಡಿರಿ. ಇಮಾಮ್ ನವವಿಯವರ(ರ) ಮಿನ್‌ಹಾಜ್ ಪ್ರಕಾರ, ನನ್ನ ಎಲ್ಲ ವ್ಯವಹಾರಗಳಲ್ಲೂ, ಚಿಕ್ಕದರಲ್ಲೂ ದೊಡ್ಡದರಲ್ಲೂ ನಿನ್ನನ್ನು ವಕೀಲನನ್ನಾಗಿ ಮಾಡಿದ್ದೇನೆ ಎಂದು ಒಬ್ಬ ಹೇಳಿದರೆ ಆ ವಕಾಲತ್ತು ಸಿಂಧುವೇ ಅಲ್ಲ. ಅದರಲ್ಲಿ ಅನಿಶ್ಚಿತತೆಯಿದೆ, ಕೊಟ್ಟವನಿಗೇ ತಾನು ಏನು ಕೊಟ್ಟೆನೆಂದು ಗೊತ್ತಿಲ್ಲ. ಇನ್ನು, ಈ ಸೊತ್ತನ್ನು ಮಾರು ಎಂದು ಷರತ್ತಿಲ್ಲದೆ ಹೇಳಿದ್ದರೂ ವಕೀಲನು ಅದನ್ನು ಸಾಲಕ್ಕೆ ಮಾರುವಂತಿಲ್ಲ, ಊರಿನ ನಾಣ್ಯ ಬಿಟ್ಟು ಬೇರೆ ನಾಣ್ಯಕ್ಕೆ ಮಾರುವಂತಿಲ್ಲ, ಕಣ್ಣಿಗೆ ರಾಚುವಷ್ಟು ನಷ್ಟಕ್ಕೆ ಮಾರುವಂತಿಲ್ಲ. ಷರತ್ತು ಬಾಯಲ್ಲಿ ಹೇಳಿಲ್ಲದಿದ್ದರೂ ಮಾಲಕನ ಹಿತವೇ ಷರತ್ತು. ಮೂರನೆಯದಾಗಿ, ತನಗೆ ವಹಿಸಿದ ಕೆಲಸವನ್ನು ತಾನೇ ಮಾಡಲು ಸಾಧ್ಯವಿರುವಾಗ ವಕೀಲನು ಮಾಲಕನ ಅನುಮತಿಯಿಲ್ಲದೆ ಅದನ್ನು ಇನ್ನೊಬ್ಬನಿಗೆ ದಾಟಿಸುವಂತಿಲ್ಲ.

ಒಂದು ತೆಂಗಿನ ತೋಟವನ್ನು ಮಾರಲು ನೇಮಿಸಿದ ವಕೀಲನಿಗೆ ಇಷ್ಟು ಬೇಲಿ! ಕೋಟ್ಯಂತರ ಜನರ ಬದುಕನ್ನು ವಹಿಸಿಕೊಂಡ ವಕೀಲನಿಗೆ ಬೇಲಿ ಬೇಡವೇ?

ನಮ್ಮ ದೇಶದ ನ್ಯಾಯಾಲಯಗಳೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿವೆ ಎಂಬುದು ಹಲವರಿಗೆ ತಿಳಿಯದು. 1951ರಲ್ಲಿ ದೆಹಲಿ ಕಾನೂನುಗಳ ಕಾಯ್ದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಏಳು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದರು. ಆ ಕಾಡಿನಿಂದ ಹೊರಬಂದ ಸೂತ್ರವೇನೆಂದರೆ, ಶಾಸಕಾಂಗವು ವಿವರಗಳನ್ನು ಕಾರ್ಯಾಂಗಕ್ಕೆ ಬಿಡಬಹುದು, ಆದರೆ ನೀತಿಯನ್ನು ನಿರ್ಧರಿಸುವ ತನ್ನ ಮೂಲ ಕರ್ತವ್ಯವನ್ನು ಬಿಟ್ಟುಕೊಡುವಂತಿಲ್ಲ. ಇನ್ನೊಂದು ಪ್ರಕರಣ ನಮಗೆ ಇನ್ನಷ್ಟು ಹತ್ತಿರದ್ದು. ರಮಝಾನಿನ ಇಫ್ತಾರಿಗೆ ರೂಹ್ ಅಫ್ಝಾ ಕಲಸುವ ಮನೆಗಳಿಗೆ ಹಮ್‌ದರ್ದ್ ದವಾಖಾನೆಯನ್ನು ಪರಿಚಯಿಸಬೇಕಿಲ್ಲ. ಔಷಧಿ ಜಾಹೀರಾತುಗಳನ್ನು ನಿಯಂತ್ರಿಸುವ 1954ರ ಕಾಯ್ದೆಯು ಕೆಲವು ರೋಗಗಳನ್ನು ಹೆಸರಿಸಿ, ಸರಕಾರ ನಿಯಮಗಳಲ್ಲಿ ಸೇರಿಸಬಹುದಾದ ಬೇರೆ ಯಾವುದೇ ರೋಗಕ್ಕೂ ನಿಷೇಧ ಅನ್ವಯಿಸುತ್ತದೆ ಎಂದಿತ್ತು. ಯಾವ ಆಧಾರದ ಮೇಲೆ ಸೇರಿಸಬೇಕು ಎಂಬುದನ್ನು ಸಂಸತ್ತು ಹೇಳಿಲ್ಲ, ಇದು ದಂಡೆಯಿಲ್ಲದ ಹೊಳೆಯಂಥ ಅಧಿಕಾರ ಎಂದು ಸುಪ್ರೀಂ ಕೋರ್ಟು ಆ ಭಾಗವನ್ನು ಹಮ್‌ದರ್ದ್ ಪ್ರಕರಣದಲ್ಲಿ ತೆಗೆದುಹಾಕಿತು. ಸರಕಾರವೊಂದರ ಅಧಿಕಾರಕ್ಕೆ ಮಿತಿ ಹಾಕಿದ ತೀರ್ಪಿನಲ್ಲಿ ಒಂದು ಯುನಾನಿ ದವಾಖಾನೆಯ ಹೆಸರಿದೆ. ನಮ್ಮ ಮಕ್ಕಳಿಗೆ ಶರಬತ್ತಿನ ಜೊತೆಗೆ ಇದನ್ನೂ ಹೇಳಿಕೊಡಬಹುದು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಸಜ್ಜನರ ಆಕ್ಷೇಪ: ಎಲ್ಲವನ್ನೂ ಸದನವೇ ಮಾಡಲಾದೀತೇ? ಖಂಡಿತ ಆಗದು, ಆಗಬೇಕೆಂದು ಯಾರೂ ಹೇಳುತ್ತಿಲ್ಲ. ನಮ್ಮ ದಕ್ಕೆಯ ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದನ್ನು ಪ್ರತಿ ವರ್ಷ ಸರಕಾರದ ಆದೇಶವೇ ಜಾರಿಗೊಳಿಸುತ್ತದೆ. ಅದರ ಹಿಂದೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಿದೆ. ಮೀನಿನ ಸಂತತಿ ಉಳಿಯಬೇಕು, ಸಾಂಪ್ರದಾಯಿಕ ಮೀನುಗಾರನ ಹಿತ ಕಾಯಬೇಕು ಎಂಬ ಗುರಿಯನ್ನು ಕಾಯ್ದೆ ಹೇಳಿದೆ, ದಿನಾಂಕವನ್ನು ಇಲಾಖೆ ನೋಡಿಕೊಳ್ಳುತ್ತದೆ. ಬಂದರಿನಲ್ಲಿ ಬಲೆ ಹೊಲಿಯುತ್ತಾ ಕುಳಿತ ಬ್ಯಾರಿಯಾಗಲಿ ಮೊಗವೀರನಾಗಲಿ ದಿನಾಂಕದ ಬಗ್ಗೆ ಗೊಣಗಿಯಾನು, ಗುರಿಯ ಬಗ್ಗೆ ಅಲ್ಲ. ಪ್ರವಾದಿ(ಸ)ಯವರೂ ಮುಆದ್ ಬಿನ್ ಜಬಲ್(ರ)ರನ್ನು ಯಮನಿಗೆ ಕಳುಹಿಸಿದಾಗ ಯಾವುದರ ಆಧಾರದಲ್ಲಿ ತೀರ್ಪು ನೀಡುವಿರಿ ಎಂದು ವಿಚಾರಿಸಿಯೇ ಕಳುಹಿಸಿದರೆಂಬ ವರದಿ ಪ್ರಸಿದ್ಧವಾಗಿದೆ. ಮೊದಲು ದೇವಗ್ರಂಥ, ಬಳಿಕ ಸುನ್ನತ್ತು, ಬಳಿಕ ಸ್ವಂತ ವಿವೇಚನೆ. ವಿವೇಚನೆಗೆ ಸ್ಥಾನವಿದೆ, ಆದರೆ ಅದು ಸಾಲಿನಲ್ಲಿ ಮೂರನೆಯದು.

ಎರಡನೆಯ ಆಕ್ಷೇಪ ನಮ್ಮವರದ್ದೇ, ಅದರಲ್ಲಿ ನೋವಿದೆ. ಇದೆಲ್ಲ ದ್ವೇಷದ ರಾಜಕೀಯ. ಸೆಕ್ಷನ್ 133 ಇಲ್ಲದಿದ್ದರೆ ಇನ್ನೊಂದನ್ನು ಹುಡುಕುತ್ತಿದ್ದರು. ಬಹುಮತ ಇದ್ದವರು ಸದನದಲ್ಲೇ ಕಾಯ್ದೆ ಮಾಡುತ್ತಿದ್ದರು. ಸೆಕ್ಷನ್ ಓದಿ ಏನು ಪ್ರಯೋಜನ ಎಂಬುದು ಆ ಆಕ್ಷೇಪ. ದ್ವೇಷವಿದ್ದುದನ್ನು ನಾನು ನಿರಾಕರಿಸುವುದಿಲ್ಲ. ಆದರೆ ಬಹುಮತವಿದ್ದ ಸರಕಾರವು ಸದನದ ದಾರಿ ಬಿಟ್ಟು ಆದೇಶದ ದಾರಿ ಹಿಡಿಯಿತೇಕೆ? ಸದನದಲ್ಲಿ ಕಾಯ್ದೆ ತರಲು ಕಾರಣ ಹೇಳಬೇಕು. ಸಿಖ್ಖನ ಪೇಟಕ್ಕೆ ಕಾಯ್ದೆಯಲ್ಲೇ ಜಾಗ ಕೊಟ್ಟ ದೇಶದಲ್ಲಿ ಮುಸ್ಲಿಮ್ ಹುಡುಗಿಯ ಶಿರವಸ್ತ್ರಕ್ಕೆ ಜಾಗವಿಲ್ಲವೇಕೆ ಎಂಬ ಪ್ರಶ್ನೆಗೆ ಹೆಸರು ಹಾಕಿ ಉತ್ತರಿಸಬೇಕು. ಅನ್ಯಾಯ ಮಾಡಲೇಬೇಕೆಂದಿರುವವನಿಗೂ ಬೆಳಕಿನಲ್ಲಿ ಮಾಡುವುದು ಕತ್ತಲಲ್ಲಿ ಮಾಡಿದಷ್ಟು ಸುಲಭವಲ್ಲ. ಅಧಿಕಾರವನ್ನು ಬೆಳಕಿಗೆ ಎಳೆಯುವುದು ದ್ವೇಷಕ್ಕೆ ಮದ್ದಲ್ಲದಿರಬಹುದು. ಅದರ ವೇಗಕ್ಕೆ ತಡೆಯಂತೂ ಹೌದು.

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ ಅರಸನ ಘೋಷಣೆಗಳಿಗೆ ಕಾಯ್ದೆಯ ಬಲ ಕೊಡುವ ಕಾನೂನನ್ನು 1539ರಲ್ಲಿ ಅಲ್ಲಿನ ಸಂಸತ್ತೇ ಮಾಡಿಕೊಟ್ಟಿತು. ಅರಸ ಸತ್ತ ಬಳಿಕ 1547ರಲ್ಲಿ ಅದನ್ನು ರದ್ದುಪಡಿಸಿತು. 1933ರ ಮಾರ್ಚ್‌ನಲ್ಲಿ ಜರ್ಮನಿಯ ಸಂಸತ್ತು ತನ್ನ ಶಾಸನಾಧಿಕಾರವನ್ನು ಹಿಟ್ಲರನ ಸರಕಾರಕ್ಕೆ ಮತ ಹಾಕಿಯೇ ಒಪ್ಪಿಸಿತು. ಅದನ್ನು ಹಿಂಪಡೆಯುವ ಅವಕಾಶ ಆ ಸಂಸತ್ತಿಗೆ ಮತ್ತೆ ಸಿಗಲಿಲ್ಲ. ನಮ್ಮಲ್ಲಿ ಅಷ್ಟೇನೂ ಆಗಿಲ್ಲ. ಆದರೆ ಡಿಸೆಂಬರ್ 2019ರಲ್ಲಿ ಅಂಗೀಕಾರವಾದ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 11 ಮಾರ್ಚ್ 2024ರಂದು, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ. ಕಾಯ್ದೆ ಸದನದ್ದು, ಅದು ಯಾವಾಗ ಉಸಿರಾಡಬೇಕೆಂಬ ತೀರ್ಮಾನ ಕಾರ್ಯಾಂಗದ್ದು.

ಹಾಗಾದರೆ ಕೊಟ್ಟ ಅಧಿಕಾರದ ಮೇಲೆ ಕಣ್ಣಿಡುವ ವ್ಯವಸ್ಥೆಯೇ ಇಲ್ಲವೇ? ಇದೆ. ಸರಕಾರ ಮಾಡಿದ ನಿಯಮಗಳನ್ನು ಸದನದ ಮುಂದೆ ಮಂಡಿಸಬೇಕು. ಲೋಕಸಭೆಯಲ್ಲೂ ನಮ್ಮ ವಿಧಾನಮಂಡಲದಲ್ಲೂ ಅಧೀನ ಶಾಸನಗಳನ್ನು ಪರಿಶೀಲಿಸಲು ಸಮಿತಿಗಳಿವೆ. ಮತ ಕೇಳಲು ಬರುವ ಅಭ್ಯರ್ಥಿಯನ್ನು ಮಸೀದಿಯ ಅಂಗಳದಲ್ಲಿ ಕುಳ್ಳಿರಿಸಿ ಚಹಾ ಕೊಡುವ ನಾವು, ನೀವು ಆ ಸಮಿತಿಯ ವರದಿಯನ್ನು ಎಂದಾದರೂ ಓದಿದ್ದೀರಾ ಎಂದು ಕೇಳಿದ್ದುಂಟೇ? ಕೇಳುವುದು ಕಬರಸ್ಥಾನದ ಆವರಣ ಗೋಡೆಗೆ ಅನುದಾನ. ಕೂಫಾದ ಜನ ತಮ್ಮ ರಾಜ್ಯಪಾಲರಾದ ಸಅದ್ ಬಿನ್ ಅಬೀ ವಕ್ಕಾಸ್(ರ)ರ ಬಗ್ಗೆ ದೂರು ತಂದಾಗ ಹಝ್ರತ್ ಉಮರ್(ರ)ರು ಏನು ಮಾಡಿದರು? ಸಅದ್‌ರು ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಆದರೂ ಉಮರ್(ರ)ರು ತನಿಖೆಗೆ ಜನ ಕಳುಹಿಸಿದರು, ಅವರು ಕೂಫಾದ ಒಂದು ಮಸೀದಿಯನ್ನೂ ಬಿಡದೆ ವಿಚಾರಿಸಿದರು. ಒಂದು ಕಡೆ ಬಿಟ್ಟು ಎಲ್ಲೆಡೆ ಪ್ರಶಂಸೆಯೇ ಸಿಕ್ಕಿತು. ಸಅದ್‌ರಂಥವರಿಗೂ ಈ ವಿಚಾರಣೆ ಅವಮಾನ ಎನಿಸಲಿಲ್ಲವಾದರೆ ನಮ್ಮ ಇಲಾಖಾ ಕಾರ್ಯದರ್ಶಿಗಳಿಗೆ ಅದೇಕೆ ಅವಮಾನವಾಗಬೇಕು?

ಬೆರಳನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳೋಣ. ಮೇ 2022ರಲ್ಲಿ ಧ್ವನಿವರ್ಧಕಗಳ ಬಗ್ಗೆ ರಾಜ್ಯ ಸರಕಾರದ ಆದೇಶ ಬಂದಾಗ ಎಷ್ಟೋ ಮಸೀದಿಗಳ ಕಮಿಟಿಗಳು ಅಂಗಲಾಚಿ ಓಡಾಡಿದವು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಏಕೆ, 55 ಡೆಸಿಬೆಲ್ ಎಂದರೇನು, ಅನುಮತಿ ಯಾರಲ್ಲಿ ಕೇಳಬೇಕು ಎಂದು. ಆ ನಿಯಮಗಳು ಹೊಸವಾಗಿರಲಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರಕಾರ 2000ನೇ ಇಸವಿಯಲ್ಲೇ ಅವನ್ನು ಪ್ರಕಟಿಸಿತ್ತು. ಇಪ್ಪತ್ತೆರಡು ವರ್ಷ ಅವು ನಮ್ಮ ಮಿನಾರದ ಮೇಲೆಯೇ ಇದ್ದವು, ನಾವು ಕತ್ತೆತ್ತಿ ನೋಡಿರಲಿಲ್ಲ. ಇನ್ನು ನಮ್ಮ ಜಮಾಅತ್‌ಗಳ ಮಹಾಸಭೆಗಳನ್ನು ನೋಡಿರಿ. ಲೆಕ್ಕ ಓದುವಾಗ ಅರ್ಧ ಸಭೆ ಹೊರಗಿರುತ್ತದೆ. ಕೊನೆಗೆ ಮುಂದಿನ ಎಲ್ಲ ತೀರ್ಮಾನಗಳ ಸರ್ವಾಧಿಕಾರವನ್ನು ಅಧ್ಯಕ್ಷರಿಗೆ ನೀಡಲಾಗಿದೆ ಎಂಬ ಒಂದು ನಿರ್ಣಯಕ್ಕೆ ಎಲ್ಲರೂ ತಕ್ಬೀರ್ ಹೇಳಿ ಬಿರಿಯಾನಿಗೆ ಏಳುತ್ತಾರೆ. ಇಮಾಮ್ ನವವಿಯವರ(ರ) ಕಿತಾಬನ್ನು ಪಕ್ಕದ ಕೋಣೆಯ ದರ್ಸ್‌ನಲ್ಲಿ ಓದಿಸುವ ಮಸೀದಿಯಲ್ಲೇ ಇದು ನಡೆಯುತ್ತದೆ! ಸರ್ವಾಧಿಕಾರ ದಾಟಿಸುವ ಚಾಳಿ ವಿಧಾನಸೌಧದಲ್ಲಿ ಮಾತ್ರ ಇದೆಯೆಂದು ಭಾವಿಸಬೇಡಿರಿ.

ಓದಿದವರು ಗೆದ್ದದ್ದೂ ಇದೆ, ಅದೂ ನಮ್ಮ ನಂತೂರನ್ನು ಹಾದುಹೋಗುವ ಹೆದ್ದಾರಿ 66ರಲ್ಲೇ. ಸುರತ್ಕಲ್‌ನ ಟೋಲ್‌ಗೇಟ್ ನೆನಪಿದೆಯಲ್ಲವೇ? 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಶುಲ್ಕ ವಿಧಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಅದರಡಿ ಬಂದ 2008ರ ನಿಯಮಗಳು ಒಂದೇ ಹೆದ್ದಾರಿಯಲ್ಲಿ ಒಂದೇ ದಿಕ್ಕಿನ ಎರಡು ಟೋಲ್‌ಗೇಟ್‌ಗಳ ನಡುವೆ 60 ಕಿಲೋಮೀಟರ್ ಅಂತರವಿರಬೇಕೆನ್ನುತ್ತವೆ. ಕಡಿಮೆ ಅಂತರದಲ್ಲಿ ಇಡುವುದಿದ್ದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಹೆಜಮಾಡಿಯಲ್ಲಿ ಗೇಟು ಇದ್ದೂ ಕೆಲವೇ ಕಿಲೋಮೀಟರ್ ದೂರದಲ್ಲಿ, ಮಹಾನಗರ ಪಾಲಿಕೆಯ ವ್ಯಾಪ್ತಿಯೊಳಗೆ, ಸುರತ್ಕಲ್‌ನಲ್ಲಿ ಇನ್ನೊಂದು ಗೇಟು ವರ್ಷಗಟ್ಟಲೆ ನಿಂತಿತ್ತು. ಮಾರ್ಚ್ 2022ರಲ್ಲಿ ಸಚಿವ ನಿತಿನ್ ಗಡ್ಕರಿಯವರು ಲೋಕಸಭೆಯಲ್ಲಿ 60 ಕಿಲೋಮೀಟರ್ ಒಳಗೆ ಒಂದೇ ಟೋಲ್ ಇರಲಿದೆ ಎಂದರು. ಅಕ್ಟೋಬರ್‌ನಲ್ಲಿ ಎಲ್ಲ ಧರ್ಮದವರೂ ಸೇರಿ ಗೇಟಿಗೆ ಮುತ್ತಿಗೆ ಹಾಕಿದರು, ಹಗಲು ರಾತ್ರಿ ಧರಣಿ ಕುಳಿತರು. ಅವರ ಕೈಯಲ್ಲಿ ಬರೇ ಘೋಷಣೆ ಇರಲಿಲ್ಲ, ಸರಕಾರವೇ ಬರೆದ ನಿಯಮವೂ ಇತ್ತು. 1 ಡಿಸೆಂಬರ್ 2022ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು.

ಈಗ ಅಂಥದ್ದೇ ಇನ್ನೊಂದು ಕೆಲಸ ನಮ್ಮ ಮುಂದಿದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆ ಬಂದಾಗ ನಾವು ಕಾಯ್ದೆಯ ವಿರುದ್ಧ ಸಭೆ ನಡೆಸಿದೆವು. ನಡೆಸಬೇಕಾದದ್ದೇ. ಆದರೆ ಆಸ್ತಿಗಳ ವಿವರ ತುಂಬುವ ಉಮೀದ್ ಪೋರ್ಟಲ್ ಜೂನ್ 6ರಂದು ತೆರೆಯಿತು, ಅದಕ್ಕೆ ಸಂಬಂಧಿಸಿದ ನಿಯಮಗಳು ಪ್ರಕಟವಾದದ್ದು ಜುಲೈ 3ರಂದು, ಗಡುವು ಡಿಸೆಂಬರ್ ಮೊದಲ ವಾರಕ್ಕೆ. ಹಳೆಯ ದಸ್ತಾವೇಜು ಹುಡುಕುತ್ತಾ ಮುತವಲ್ಲಿಗಳು ರಾತ್ರಿ ಎಚ್ಚರವಿದ್ದದ್ದು ಕಾಯ್ದೆಯ ಭಾಷಣಗಳಿಂದಲ್ಲ, ಈ ನಿಯಮಗಳಿಂದ. 15 ಸೆಪ್ಟೆಂಬರ್ 2025ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟು, ಆಸ್ತಿಯ ಹಕ್ಕನ್ನು ಸರಕಾರದ ಅಧಿಕಾರಿಯೇ ತೀರ್ಮಾನಿಸುವುದು ಅಧಿಕಾರ ವಿಭಜನೆಯ ತತ್ವಕ್ಕೆ ಒಗ್ಗದು ಎಂದು ಆ ಅವಕಾಶಗಳಿಗೆ ತಡೆ ಕೊಟ್ಟಿತು. ಕನಿಷ್ಠ ಐದು ವರ್ಷ ಇಸ್ಲಾಮನ್ನು ಪಾಲಿಸಿರುವವನು ಮಾತ್ರ ವಕ್ಫ್ ಮಾಡಬಹುದೆಂಬ ಷರತ್ತಿಗೂ ತಡೆ ಕೊಟ್ಟಿತು, ಆದರೆ ಒಂದು ಮಿತಿಯೊಡನೆ: ಪಾಲನೆಯನ್ನು ನಿರ್ಧರಿಸುವ ವಿಧಾನವನ್ನು ರಾಜ್ಯ ಸರಕಾರಗಳು ನಿಯಮಗಳ ಮೂಲಕ ರೂಪಿಸುವವರೆಗೆ.

ಅರ್ಥವಾಯಿತೇ? ಒಬ್ಬ ಮನುಷ್ಯ ಮುಸ್ಲಿಮನಾಗಿ ಬದುಕಿದ್ದಾನೆಯೇ ಎಂಬುದನ್ನು ಅಳೆಯುವ ಕೋಲನ್ನು ಸಂಸತ್ತು ತಯಾರಿಸಲಿಲ್ಲ. ಆ ಕೋಲು ಬೆಂಗಳೂರಿನ ಯಾವುದೋ ಇಲಾಖೆಯ ಮೇಜಿನ ಮೇಲೆ, ಒಬ್ಬ ಅಧೀನ ಕಾರ್ಯದರ್ಶಿಯ ಕರಡಿನಲ್ಲಿ ರೂಪುಗೊಳ್ಳಬೇಕಾಗಿದೆ. ಐದು ವರ್ಷಗಳ ಪಾಲನೆಗೆ ಸಾಕ್ಷ್ಯವೇನು? ಜುಮಾದ ಹಾಜರಿಯೇ, ಝಕಾತಿನ ರಶೀದಿಯೇ? ಸಹಿ ಹಾಕಬೇಕಾದವರು ಯಾರು, ಖಾಝಿಯವರೇ, ಜಮಾಅತ್ ಕಾರ್ಯದರ್ಶಿಯೇ, ತಹಶೀಲ್ದಾರರೇ? ಮೊನ್ನೆ ಮೊನ್ನೆ ಇಸ್ಲಾಮ್ ಸ್ವೀಕರಿಸಿ ತನ್ನ ಒಂದು ಸೆಂಟ್ಸ್ ಜಾಗವನ್ನು ದಫನ ಭೂಮಿಗೆ ಕೊಡಬಯಸುವವನ ಗತಿಯೇನು? ಇಂಥ ಕರಡು ರಾಜ್ಯಪತ್ರದಲ್ಲಿ ಪ್ರಕಟವಾದರೆ ಆಕ್ಷೇಪಣೆ ಸಲ್ಲಿಸಲು ಕೊಡುವ ಅವಧಿ ಹೆಚ್ಚೇನೂ ಇರುವುದಿಲ್ಲ. ರಾಜ್ಯಪತ್ರ ಹೊರಬರುವುದು ಗುರುವಾರ. ಮರುದಿನ ಜುಮಾ. ನಂತೂರಿನಲ್ಲಾಗಲಿ ಉಳ್ಳಾಲದಲ್ಲಾಗಲಿ ಕೃಷ್ಣಾಪುರದಲ್ಲಾಗಲಿ ಅದನ್ನು ಓದಿ, ನಮಾಝಿನ ಬಳಿಕ ನಾಲ್ಕು ಜನರನ್ನು ಕೂರಿಸಿ, ಇಲಾಖೆಗೆ ಪತ್ರ ಬರೆಯುವವರು ಯಾರೆಂದು ಯಾವ ಕಮಿಟಿಯಾದರೂ ಈಗಲೇ ಹೆಸರು ಗುರುತಿಸಿದೆಯೇ?